ವಾಸಕಲ್ಲು ಮಲಗಿದ ಸ್ಟ್ಯಾಂಡು

ಕೂತು ಕೆಲಸ ಮಾಡುವವರನ್ನು ಕಂಡರೆ ನನಗಾಗುವುದಿಲ್ಲ. ಇದು ಮೊದಲೇ ಗೊತ್ತಿರಲಿ. ಕೂತು ಉಣ್ಣಬಹುದು, ಕೂತು ಹರಟಬಹುದು, ನಮ್ಮೂರ ಗಂಗಣ್ಣನ ಹಾಗೆ ಬೆಳಗಿನಿಂದ ಬೈಗಿನ ತನಕ ಜಗಲಿ ಮೇಲೆ ಕೂತು ಹೋಗೋರು ಬರೋರ ಮಾನ ಹರಾಜು ಹಾಕಬಹುದು. ಆದರೆ ಉಳಿ ಹಿಡಿದವನು ನಿಂತಿರಬೇಕು.

ನನ್ನ ಓದು ಮುಗಿದದ್ದೂ ಇದೇ ಕಾರಣಕ್ಕೆ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು "ಕ್ಯಾತಾ, ನೀನು ಕುರಿ ಕಾಯೋಕೇ ಲಾಯಕ್ಕು" ಎಂದು ಬೈದು ಬೆಂಚಿನ ಮೇಲೆ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಅವರಿಗೇ ಪಾಪ ಅನ್ನಿಸಿ "ಇಳಿಯೋ" ಅಂದರು. ನಾನು ಇಳಿಯಲಿಲ್ಲ. "ನಿಂತ್ಕೋ ಅಂದೋರು ನೀವು. ಕುರಿ ಕಾಯೋರ ಮಕ್ಕಳು ಒಂದ್ಸಲ ನಿಂತ್ರೆ ಮಂದೆ ಎದ್ದ ಮ್ಯಾಲೇ ಸಾ ಕದಲೋದು" ಅಂದೆ. ಗಂಟೆ ಹೊಡೆಯಿತು, ಹುಡುಗರು ಮನೆಗೆ ಹೋದರು, ಮೇಷ್ಟ್ರು ಬೀಗ ಹಿಡಿದು ಬಂದು ಕೈ ಮುಗಿದರು. ಆಗ ಇಳಿದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆದರೆ ಅಷ್ಟು ಹೊತ್ತು ನಾನು ಮೇಲೆ ನಿಂತಿದ್ದರೂ ಆ ಬೆಂಚು ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ. ವಿದ್ಯೆ ಹೋದರೆ ಹೋಯಿತು, ಮರದ ಮೇಲೆ ಮನಸ್ಸು ಬಂತು.

ತುಮಕೂರಿನ ಒಂದು ಫರ್ನಿಚರ್ ಅಂಗಡಿಯಲ್ಲಿ ಕೆಲಸ ಕಲಿತೆ. ಅಲ್ಲಿ ಎಲ್ಲರೂ ಎತ್ತರದ ಮೇಜಿನ ಮುಂದೆ ನಿಂತು, ಮರ ನಯ ಮಾಡಲು ತೋಪಡ ಹೊಡೆಯುತ್ತಿದ್ದರು. ನಮ್ಮ ಕಡೆಯ ಬಡಗಿಗಳು ಹಾಗಲ್ಲ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಮರವನ್ನು ಕಾಲಿನ ಹೆಬ್ಬೆರಳಲ್ಲಿ ಅದುಮಿ ಹಿಡಿದು ಕೆತ್ತುತ್ತಾರೆ. ನಾನು ಊರಿಗೆ ವಾಪಸು ಬಂದು, ನಮ್ಮ ಮನೆ ಪಕ್ಕದ ಕುರಿ ರೊಪ್ಪದಲ್ಲಿ ಅರ್ಧ ಭಾಗಕ್ಕೆ ತಡಿಕೆ ಅಡ್ಡ ಹಾಕಿ ವರ್ಕ್‌ಶಾಪು ತೆರೆದೆ.

"ಕುರಿ ಎಲ್ಲಿ ಮಲಗ್ಬೇಕ್ಲಾ?" ಅಂದಳು ನಮ್ಮವ್ವ ಗೌರಕ್ಕ.

"ಕುರಿಗೆ ಇನ್ನರ್ಧ ಐತಲ್ಲವ್ವ."

"ಅವು ಮಲಗ್ತವೆ. ನಿನ್ನ ಸುತ್ತಿಗೆ ಸದ್ದಿಗೆ ನಿದ್ದೆ ಬರ್ಬೇಕಲ್ಲ."

ಎದುರು ಜಗಲಿಯಿಂದ ಗಂಗಣ್ಣ ಕೂತಲ್ಲಿಂದಲೇ ಕೂಗಿದ: "ಲೇ ಕ್ಯಾತ! ಕೋಲು ಹಿಡಿಯೋ ಕೈಗೆ ಉಳಿ ಕೊಟ್ರೆ ಕುರೀಗೆ ಬಾಗ್ಲು ಮಾಡ್ತೀಯೇನ್ಲಾ?"

ಗಂಗಣ್ಣ ಊರಿಗೆ ಹಿರಿಯ. ಅಮಲ್ದಾರರು ಬಂದರೂ ಜಗಲಿಯಿಂದ ಎದ್ದು ನಿಂತವನಲ್ಲ ಅಂತ ಅವನ ಕೀರ್ತಿ. ಒಂದು ದಿನ ಇವನನ್ನು ನನ್ನ ಮುಂದೆ ನಿಲ್ಲಿಸದಿದ್ದರೆ ನನ್ನ ಹೆಸರು ಕ್ಯಾತಣ್ಣನೇ ಅಲ್ಲ ಅಂತ ಹಲ್ಲು ಕಚ್ಚಿದೆ.

ಅಷ್ಟರಲ್ಲಿ ಹೊಳವನಹಳ್ಳಿಯ ದಿನಸಿ ಅಂಗಡಿ ಬಸವಲಿಂಗಯ್ಯನವರು ಹೊಸ ಮನೆ ಕಟ್ಟಿಸುತ್ತಿದ್ದಾರೆ ಅನ್ನುವ ಸುದ್ದಿ ಬಂತು. ಮಗನಿಗೆ ಮದುವೆಯಾಗಿ ವರ್ಷಗಳು ಉರುಳಿದ್ದರೂ ಸೊಸೆಯ ಮಡಿಲು ತುಂಬಿರಲಿಲ್ಲ. ಹೊಸ ಮನೆಗೆ ವಾಸಕಲ್ಲು ನಿಲ್ಲಿಸಿದರೆ ವಂಶ ಬೆಳೆಯುತ್ತದೆ ಅಂತ ಯಾರೋ ಹೇಳಿದ್ದರಂತೆ. ವಾಸಕಲ್ಲು ಅಂದರೆ ತಲೆಬಾಗಿಲಿನ ಚೌಕಟ್ಟು. ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ದೇವರನ್ನು ನಿಲ್ಲಿಸಿದ ಹಾಗೆ ನಿಲ್ಲಿಸುವ ಮರ. ಅದಕ್ಕೆ ಅವರು ಕೊರಟಗೆರೆಯ ಹೆಸರಾಂತ ಆಚಾರಿಗಳನ್ನು ಗೊತ್ತು ಮಾಡುವುದರಲ್ಲಿದ್ದರು. ನಾನು ಹೋಗಿ ಎದುರಿಗೆ ನಿಂತೆ.

"ಸ್ವಾಮಿ, ಒಂದು ಮಾತು ಕೇಳ್ತೀನಿ. ನಾಳೆ ನೀವು ಪೂಜೆ ಮಾಡೋ ವಾಸಕಲ್ಲನ್ನ ಇವತ್ತು ಒಬ್ಬ ಕಾಲಲ್ಲಿ ತುಳ್ಕೊಂಡು ಕೆತ್ತಬಹುದಾ?"

ಬಸವಲಿಂಗಯ್ಯನವರು ತಕ್ಕಡಿ ಕೆಳಗಿಟ್ಟರು. ಹಣೆಯ ವಿಭೂತಿ ಮೇಲೇರಿತು. ಇಷ್ಟು ವರ್ಷ ಯಾರೂ ಅವರಿಗೆ ಈ ಮಾತು ಹೇಳಿರಲಿಲ್ಲ.

"ಶಿವಶಿವಾ! ಮತ್ತೆ ನೀನು ಹ್ಯಾಗೆ ಮಾಡ್ತೀಯಯ್ಯಾ?"

"ನೆಲಕ್ಕೆ ಇಳಿಸೋದೇ ಇಲ್ಲ. ಸ್ಟ್ಯಾಂಡಿನ ಮೇಲೆ ಮಲಗ್ಸಿ, ಮುಂದೆ ನಿಂತು ಕೆಲಸ ಮಾಡ್ತೀನಿ. ನಿಮ್ಮ ವಾಸಕಲ್ಲಿಗೆ ನನ್ನ ಕಾಲಲ್ಲ, ಕಾಲಿನ ಧೂಳೂ ತಾಗೋದಿಲ್ಲ."

ಅವರಿಗೆ ಕಣ್ಣಲ್ಲಿ ನೀರು ಬಂತು. ಹೊನ್ನೆ ಮರ ಗಾಡಿಯಲ್ಲಿ ಬಂತು. ಜೊತೆಗೆ ಕರಾರೂ ಬಂತು: "ಈ ತಿಂಗಳ ಕೊನೇ ಶುಕ್ರವಾರ ಬಂದು ನೋಡ್ತೀನಿ. ಮನಸ್ಸಿಗೆ ಒಪ್ಪಿದ್ರೆ ಮನೆಯ ಬಾಗಿಲು ಕಿಟಕಿ ಎಲ್ಲಾ ನಿಂದೇ. ಒಪ್ಪದಿದ್ರೆ ಮರ ಕೊರಟಗೆರೆಗೆ ಹೋಗುತ್ತೆ."

ಅದು ಹೋದರೆ ನಾನು ಗಂಗಣ್ಣನ ಜಗಲಿ ಮುಂದೆಯೇ ದಿನಾ ಕುರಿ ಹೊಡೆದುಕೊಂಡು ಹೋಗಬೇಕು. ಅಷ್ಟೇ ವಿಷಯ.

ಈಗ ಒಂದು ಚಿಕ್ಕ ತೊಡಕು. ನನ್ನ ಹತ್ತಿರ ಸ್ಟ್ಯಾಂಡು ಇರಲಿಲ್ಲ.

ಬಡಗಿಯಾಗಿ ಸ್ಟ್ಯಾಂಡು ಮಾಡಿಕೊಳ್ಳೋಕೆ ಬರೋದಿಲ್ಲವೇ ಅಂತ ನೀವು ಕೇಳಬಹುದು. ನಮ್ಮವ್ವನೂ ಕೇಳಿದಳು. ಬುದ್ಧಿ ಇದ್ದವರು ಯೋಚನೆ ಮಾಡಬೇಕು: ಸ್ಟ್ಯಾಂಡು ಮಾಡಬೇಕಾದರೆ ಅದರ ಮರವನ್ನು ಎಲ್ಲಿ ಇಡಬೇಕು? ಸ್ಟ್ಯಾಂಡಿನ ಮೇಲೆ. ಅದಿಲ್ಲದಿದ್ದರೆ ನೆಲದ ಮೇಲೆ ಕೂತು ಮಾಡಬೇಕು. ಕೂತು ಮಾಡಿದ ಸ್ಟ್ಯಾಂಡಿನ ಮುಂದೆ ನಿಂತರೆ ಅದು ನಿಂತಂತಾಯಿತೇ? ಆದ್ದರಿಂದ ಸಿದ್ಧವಾಗಿರುವ ಸ್ಟ್ಯಾಂಡನ್ನೇ ಆರಿಸಬೇಕು ಅಂತ ತೀರ್ಮಾನ ಮಾಡಿದೆ.

ಮೊದಲು ಬಸ್‌ಸ್ಟಾಪಿನ ಹೋಟೆಲಿಂದ ಎರಡು ಸ್ಟೂಲು ತಂದೆ. ಮೊಣಕಾಲೆತ್ತರ. ಬಗ್ಗಿ ತೋಪಡ ಹೊಡೆದು ಹೊಡೆದು ಸಂಜೆಗೆ ಸೊಂಟ ನೆಟ್ಟಗಾಗದೆ, ಹಾಗೇ ಬಗ್ಗಿಕೊಂಡು ಗಂಗಣ್ಣನ ಜಗಲಿ ದಾಟಿದೆ. "ಬಾಳ ಬಗ್ಗಿ ನಮಸ್ಕಾರ ಮಾಡ್ತಾನಲ್ಲ, ಒಳ್ಳೆ ಹುಡ್ಗ" ಅಂದ. ಆ ರಾತ್ರಿಯೇ ಸ್ಟೂಲು ವಾಪಸು.

ಆಮೇಲೆ ರಸ್ತೆ ಕೆಲಸದವರು ಬಿಟ್ಟುಹೋದ ಎರಡು ಟಾರು ಡ್ರಮ್ಮು. ಎತ್ತರ ಸರಿ, ಗಟ್ಟಿಯೂ ಹೌದು. ಆದರೆ ಒಂದು ಏಟು ಹಾಕಿದರೆ "ಢಂ" ಅಂತ ಆ ಗುಡ್ಡಕ್ಕೆ ಹೊಡೆದು ಈ ಗುಡ್ಡಕ್ಕೆ ಬರುತ್ತಿತ್ತು. ತಮಟೆ ಸಾರುತ್ತಿದ್ದಾರೆ ಅಂದುಕೊಂಡು ಊರ ಹೆಂಗಸರು ಸೇರಿಬಿಟ್ಟರು. ಏನೂ ಸಾರಲಿಲ್ಲ ಅಂತ ಬೈದು ಹೋದರು. ಕುರಿಗಳು ತಡಿಕೆ ಮುರಿದು ಓಡಿದವು. ಡ್ರಮ್ಮೂ ಹೋಯಿತು.

ಮೂರನೆಯದಕ್ಕೆ ಸಿರಾಕ್ಕೆ ಹೋದೆ. ಅಲ್ಲಿನ ವೆಲ್ಡಿಂಗ್ ಭಾಯಿಯೊಬ್ಬ ಮಡಿಸುವ ಕಬ್ಬಿಣದ ಸ್ಟ್ಯಾಂಡು ತೋರಿಸಿದ. "ಅರೇ ಭಾಯ್, ಇದರ ಮೇಲೆ ಆನೆ ನಿಲ್ಸಿ, ಹಿಲ್ತಾ ನಹೀಂ, ಅಲ್ಲಾಡಲ್ಲ!" ಆನೆ ಸಿಗದ ಕಾರಣ ನಾನೇ ಹತ್ತಿ ನಿಂತೆ. ಅದು ತನ್ನ ಗುಣದಂತೆ ಮಡಿಸಿಕೊಂಡಿತು, ನನ್ನನ್ನೂ ಸೇರಿಸಿ. ಭಾಯಿ ನನ್ನನ್ನು ಬಿಡಿಸಿ ಚಾ ಕುಡಿಸಿ, "ಆನೆಗೆ ನಾಲ್ಕು ಕಾಲು ಭಾಯ್, ನಿಮಗೆ ಎರಡೇ ಅಲ್ವಾ" ಅಂತ ಸಮಾಧಾನ ಹೇಳಿದ.

ಕೊನೆಗೆ ದಾರಿ ತೋರಿಸಿದವನು ಕೊರಟಗೆರೆಯ ಶಾಮಿಯಾನ ಅಂಗಡಿ ಪೆದ್ದಣ್ಣ. ಅವನ ಮೈಕ್‌ಸೆಟ್ಟಿನ ಪೆಟ್ಟಿಗೆ ರಿಪೇರಿ ಮಾಡಿಕೊಟ್ಟಿದ್ದೆ, ಆ ಋಣ ಇತ್ತು. ಗೋಡೌನಿನ ಮೂಲೆಯಿಂದ ಎರಡು ಸ್ಟ್ಯಾಂಡು ಎಳೆದ. ಒಂದೊಂದಕ್ಕೂ ನಾಲ್ಕು ಕಾಲು, ಸೊಂಟದೆತ್ತರ, ಬಿಳೀ ಬಣ್ಣ. ಅಡ್ಡಪಟ್ಟಿಯ ಮೇಲೆ ತಲೆಕೆಳಗಾದ ಕೆಂಪು ತ್ರಿಕೋನ.

ಅದು ಎಪ್ಪತ್ತಾರನೇ ಇಸವಿ. ಆ ಕೆಂಪು ತ್ರಿಕೋನ ಕಂಡರೆ ಕುಟುಂಬ ಯೋಜನೆ ಅಂತ ಕೂಸಿಗೂ ಗೊತ್ತು. ಗಂಡಸರಿಗೆ ಆಪರೇಷನ್ ಮಾಡುವ ಕ್ಯಾಂಪುಗಳು ಊರೂರಿಗೂ ಬರುತ್ತಿದ್ದ ಕಾಲ.

"ಹೋದ ವರ್ಷ ಕ್ಯಾಂಪಿಗೆ ಕೊಟ್ಟಿದ್ದೆ. ಇದರ ಮ್ಯಾಲೆ ಹಲಗೆ ಹಾಕಿ ಅದೆಷ್ಟು ಜನಾನ ಮಲಗ್ಸಿದ್ರೋ, ಒಂಚೂರು ಅಲ್ಲಾಡಲಿಲ್ಲ ಕಣಪ್ಪ. ಡಾಕ್ಟ್ರೇ ತಟ್ಟಿ ನೋಡಿ ಭೇಷ್ ಅಂದ್ರು. ಇದೊಂದು ಕಾಲು ಮಾತ್ರ ವಸಿ ಸೊಟ್ಟ. ಯಾವನೋ ಒಬ್ಬ ಡಾಕ್ಟ್ರು ಕೈ ತೊಳ್ಕೊಳ್ಳೋಕೆ ತಿರುಗಿದ್ದೇ ತಡ, ಒದ್ದು ಓಡೋಗ್ಬುಟ್ಟ. ಅವಾಗ್ಲಿಂದ ಸೊಟ್ಟ" ಅಂದ ಪೆದ್ದಣ್ಣ.

ಡಾಕ್ಟರ ಕತ್ತರಿಗೇ ಅಲ್ಲಾಡದ ಸ್ಟ್ಯಾಂಡು ನನ್ನ ಉಳಿಗೆ ಅಲ್ಲಾಡುತ್ತದೆಯೇ? ನನ್ನ ಎದೆ ಉಬ್ಬಿತು. ಸೊಟ್ಟ ಕಾಲಿನ ಕೆಳಗೆ ಒಂದು ಚಕ್ಕೆ ಕೊಟ್ಟರಾಯಿತು. ತ್ರಿಕೋನ ಇದ್ದರೆ ಇರಲಿ. ನಾನು ನೋಡುವುದು ಕಾಲನ್ನು, ಬಣ್ಣವನ್ನಲ್ಲ.

ಬಸ್ಸಿನ ಟಾಪಿಂದ ಸ್ಟ್ಯಾಂಡು ಇಳಿಸಿ, ಎರಡೂ ಹೆಗಲಿಗೆ ಒಂದೊಂದು ಹಾಕಿಕೊಂಡು ಊರೊಳಗೆ ನಡೆದೆ. ಎರಡೂ ತ್ರಿಕೋನ ಮುಂದಕ್ಕೆ ಕಾಣುತ್ತಿದ್ದವು. ಗಂಗಣ್ಣನ ಜಗಲಿ ಮುಂದೆ ಬೇಕಂತಲೇ ನಿಧಾನ ಮಾಡಿದೆ. ಅವನ ಪಕ್ಕ ಓಬಳಪ್ಪ ಕೂತಿದ್ದ. ಆರೇಳು ಮಕ್ಕಳ ತಂದೆ, ಊರಲ್ಲೆಲ್ಲ ಸಾಧು. ಅವನು ಸ್ಟ್ಯಾಂಡು ನೋಡಿದವನೇ ಸೊಟ್ಟ ಕಾಲಿನ ಮೇಲೆ ಕಣ್ಣು ನೆಟ್ಟು, ಬಾಯಲ್ಲಿದ್ದ ಎಲೆ ಅಡಿಕೆ ನುಂಗಿಬಿಟ್ಟ.

"ಏನ್ಲಾ ಕ್ಯಾತ ಅದು? ಯಾಕ್ಲಾ ತಂದೆ?" ಅಂದ ಗಂಗಣ್ಣ. ಅವನ ದನಿ ಎಂದಿನಂತಿರಲಿಲ್ಲ.

ಕುರಿ ಬಾಗಿಲು ಮಾಡುತ್ತೀಯಾ ಅಂದವನಿಗೆ ನಾನು ಉತ್ತರ ಕೊಡಬೇಕೇ? "ಶುಕ್ರವಾರ ಬಂದು ನೋಡು. ಅವತ್ತು ಈ ಊರ ಗಂಡಸರೆಲ್ಲರ ಬಾಯಿ ಮುಚ್ಚಿಸ್ತೀನಿ" ಅಂದು ಮುಂದೆ ನಡೆದೆ.

ಹಿಂದೆ ಒಂದು ಸದ್ದೂ ಇಲ್ಲ. ಒಂದು ಜೊತೆ ಸ್ಟ್ಯಾಂಡಿಗೇ ಇಷ್ಟು ಮರ್ಯಾದೆ!

ಅವತ್ತಿನಿಂದ ನಾನು ಮಾಡಿದ್ದೆಲ್ಲ ಕಸುಬು ಬಲ್ಲವರು ಮಾಡುವುದೇ. ರೊಪ್ಪದ ಧೂಳು ಬೀಳಬಾರದು ಅಂತ ಒಳಗೆ ಸುಣ್ಣ ಹೊಡೆದು, ಸುತ್ತ ಬಿಳೀ ಪಂಚೆ ಕಟ್ಟಿದೆ. ಮರಕ್ಕೆ ಹಚ್ಚುವ ಅಂಟು ಕರಗಬೇಕು, ಅದಕ್ಕೆ ಒಲೆ ಮೇಲೆ ನೀರು ಕುದಿಯುತ್ತಾ ಇರಬೇಕು. ಪಾಲಿಶು ಕಲಸಲು ಸ್ಪಿರಿಟ್ಟು ಬೇಕು, ಬಳಿಯಲು ಹತ್ತಿ ಬೇಕು. ಎರಡನ್ನೂ ಔಷಧಿ ಅಂಗಡಿಯಿಂದಲೇ ತಂದೆ. ಉಳಿಗಳನ್ನೆಲ್ಲ ಮಸೆದು ಒಂದು ಬಟ್ಟೆ ಮೇಲೆ ಸಾಲಾಗಿ ಜೋಡಿಸಿದೆ. ಗಾಳಿ ಬೀಸಿದರೆ ಸ್ಪಿರಿಟ್ಟಿನ ವಾಸನೆ ಊರ ಕೊನೇ ಮನೆ ಮುಟ್ಟುತ್ತಿತ್ತು. ಇದರಲ್ಲಿ ತಪ್ಪೇನಿದೆ ಹೇಳಿ.

ಊರಿನ ವರ್ತನೆ ಮಾತ್ರ ವಿಚಿತ್ರವಾಯಿತು. ಗಂಗಣ್ಣನ ಜಗಲಿ ಖಾಲಿ. ಕೇಳಿದರೆ, ನಿಡುಗಲ್ಲಿನಲ್ಲಿರುವ ತಂಗಿಯ ನೆನಪು ಬಂದು ಹೋದನಂತೆ. ತಂಗಿಯನ್ನು ಮದುವೆ ಮಾಡಿ ಕೊಟ್ಟ ಮೇಲೆ ಆ ಕಡೆ ತಿರುಗಿಯೂ ನೋಡದವನು! ಓಬಳಪ್ಪ ಕುರಿ ಹೊಡೆದುಕೊಂಡು ಗುಡ್ಡ ಸೇರಿದ. ಹಲ್ಲೆಲ್ಲ ಉದುರಿದ ಮುದುಕ ಕದಿರಯ್ಯ ಕೋಲೂರಿಕೊಂಡು ಹೊಲದ ಬದುವಿನಲ್ಲಿ ಓಡುತ್ತಿದ್ದ. "ಎಲ್ಲಿಗಜ್ಜಾ?" ಅಂದರೆ, "ನಂಗಿನ್ನೂ ವಯಸ್ಸೈತೆ ಕಣ್ಲಾ!" ಅಂತ ಕೂಗಿ ಜೋಳದ ಹೊಲದಲ್ಲಿ ಮಾಯವಾದ. ಊರಲ್ಲಿ ಉಳಿದ ಗಂಡು ಅಂದರೆ ನಾನು, ಮೂರು ಟಗರು.

ಅವ್ವ ತಡಿಕೆ ಆಚೆ ನಿಂತು ಕಣ್ಣೊರೆಸಿಕೊಂಡಳು. "ಅಲ್ಲಾ ಕಣ್ಲಾ, ನಿಂಗೇ ಇನ್ನೂ ಮದ್ವೆ ಆಗಿಲ್ಲ. ಇಂಥ ಕೆಲ್ಸಕ್ಕೆ ಕೈ ಹಾಕಿದ್ರೆ ಹೆಣ್ಣು ಯಾರ್ಲಾ ಕೊಡ್ತಾರೆ?"

"ಕೊಡೋರು ಸಾಲಾಗಿ ನಿಲ್ತಾರೆ ನೋಡ್ತಿರವ್ವ. ಗವರ್ಮೆಂಟ್ ಕೆಲಸಕ್ಕಿಂತ ಇದೇ ಮೇಲು."

ಅವ್ವ ಗೋಳೋ ಅಂತ ಅತ್ತಳು. ಆನಂದಕ್ಕೆ ಅಂದುಕೊಂಡೆ.

ಗುರುವಾರ ಓಬಳಪ್ಪನ ಹೆಂಡತಿ ರಂಗಕ್ಕ ಬಂದಳು. ಕಂಕುಳಲ್ಲಿ ಒಂದು ಕೂಸು, ಸೆರಗು ಹಿಡಿದುಕೊಂಡು ಎರಡು. ಅತ್ತ ಇತ್ತ ನೋಡಿ, "ತಮ್ಮಾ, ಯಾರ್ಗೂ ಹೇಳ್ಬ್ಯಾಡ. ನಮ್ಮನೇರ್ದು ಮೊದ್ಲು ಮುಗಿಸ್ಬುಡಪ್ಪ" ಅಂದಳು.

ಓಬಳಪ್ಪ ಹಿಂದೆ ಒಂದು ಮಂಚದ ಮಾತಾಡಿದ್ದ. "ಆಗ್ಲಿ ಬುಡಕ್ಕ. ಆದ್ರೆ ಅವರೇ ಬಂದು ಅಳತೆ ಕೊಡ್ಬೇಕು" ಅಂದೆ.

"ಅಳ್ತೇನೂ ತಗೋತಾರಾ?" ರಂಗಕ್ಕ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. "ತಾನಾಗೇ ಎಲ್ಲಿ ಬತ್ತಾನೆ ಆ ಗಂಡ್ಸು. ಕೈಕಾಲು ಕಟ್ಟಿ ತರ್ತೀನಿ ತಡಿ" ಅಂದು ಹೋದಳು. ಒಂದು ಮಂಚಕ್ಕೆ ಇಷ್ಟೊಂದು ಆತುರವೇ ಅಂತ ನನಗೆ ಹೆಮ್ಮೆಯಾಯಿತು.

ಶುಕ್ರವಾರ ಬಂತು. ವಾಸಕಲ್ಲಿನ ಎರಡು ಕಂಬ, ಹೊಸ್ತಿಲು, ಮೇಲುಪಟ್ಟಿ ಎಲ್ಲ ಮುಗಿದಿದ್ದವು. ಮೇಲುಪಟ್ಟಿಯ ನಡುವೆ ಗಜಲಕ್ಷ್ಮಿಯನ್ನು ಕೆತ್ತಿದ್ದೆ, ಒಂದು ತಲೆಯಷ್ಟು ಉಬ್ಬು. ಎಲ್ಲವನ್ನೂ ಜೊತೆಗೆ ಸೇರಿಸಿ, ಸ್ಟ್ಯಾಂಡಿನ ಹಲಗೆ ಮೇಲೆ ಉದ್ದಕ್ಕೆ ಮಲಗಿಸಿ, ಮೇಲೊಂದು ಬಿಳೀ ಪಂಚೆ ಹೊದಿಸಿದೆ. ಮಂತ್ರಿಗಳು ಬಂದಾಗ ಕಲ್ಲಿನ ಮೇಲಿನ ಪರದೆ ಸರಿಸುತ್ತಾರಲ್ಲ, ಹಾಗೆ ಬಸವಲಿಂಗಯ್ಯನವರ ಕೈಯಲ್ಲೇ ಸರಿಸಬೇಕು ಅಂತ ನನ್ನ ಆಸೆ.

ಪಂಚೆಯಾಚೆ ಉಳಿದ ಹೊಸ್ತಿಲ ಅಂಚಿಗೆ ಕೊನೆಯದಾಗಿ ಒಂದಿಷ್ಟು ಕೆಂಪು ಪಾಲಿಶು ಬಳಿದು ಕೈಯೆಲ್ಲ ಕೆಂಪಾಗಿರುವಾಗ ಊರ ಮುಂದೆ ಜೀಪಿನ ಸದ್ದು. ಇಳಿದವರು ಹೆಲ್ತ್ ಇನ್ಸ್‌ಪೆಕ್ಟರ್ ನಂದೀಶ್ವರಯ್ಯನವರು, ಕೈಯಲ್ಲಿ ಚೆಂಡುಹೂವಿನ ಹಾರ. ಬಸ್ ಕಂಡಕ್ಟರು ಅವರಿಗೆ ನನ್ನ ಸ್ಟ್ಯಾಂಡಿನ ಸುದ್ದಿ ಮುಟ್ಟಿಸಿದ್ದನಂತೆ.

"ಎಲ್ಲಿ ಆ ಮಹಾನುಭಾವ?" ಅಂತ ಓಡಿ ಬಂದು ನನ್ನ ಕೆಂಪು ಕೈ ಹಿಡಿಯಲು ಹೋಗಿ, ಅದನ್ನು ನೋಡಿ, ತಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. "ಆಗಲೇ ಶುರುನೇ ಮಾಡಿಬಿಟ್ರಾ! ಡಾಕ್ಟರು ಬರೋಕೆ ಮುಂಚೇನೇ?"

"ಇದಕ್ಕೆ ಡಾಕ್ಟರು ಯಾಕೆ ಸಾರ್? ನಾನೊಬ್ಬನೇ ಮುಗಿಸಿದ್ದೀನಿ" ಅಂದೆ, ಎದೆ ತಟ್ಟಿಕೊಂಡು.

ನಂದೀಶ್ವರಯ್ಯನವರು ಪಂಚೆ ಹೊದ್ದು ಮಲಗಿದ್ದನ್ನು ನೋಡಿದರು. ಸಾಲಾಗಿದ್ದ ಉಳಿಗಳನ್ನು ನೋಡಿದರು. ದೊಡ್ಡ ಸುತ್ತಿಗೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಆಮೇಲೆ ರೊಪ್ಪದ ಕಂಬ ಹಿಡಿದುಕೊಂಡರು.

ಅಷ್ಟರಲ್ಲಿ ಬಸ್ಸಿಳಿದ ಬಸವಲಿಂಗಯ್ಯನವರು ಮಡಿ ಪಂಚೆ ಉಟ್ಟು, ಹೆಗಲ ಮೇಲೆ ವಲ್ಲಿ ಹಾಕಿಕೊಂಡು, ನಗುನಗುತ್ತಾ ಬಂದರು. ಇಡೀ ಊರಲ್ಲಿ ಕಂಡ ಒಬ್ಬನೇ ಗಂಡಸು! ಜೀಪಿನ ಜೊತೆ ಬಂದಿದ್ದ ಸಹಾಯಕ ಓಡಿಹೋಗಿ, ಸಾಹೇಬರ ಕೈಯ ಹಾರ ಕಿತ್ತು ಅವರ ಕೊರಳಿಗೆ ಹಾಕಿದ.

"ಬನ್ನಿ ಯಜಮಾನ್ರೇ! ಈ ವಯಸ್ಸಲ್ಲೂ ನಗ್ತಾ ಬಂದ್ರಲ್ಲ, ನೀವು ದೇಶಕ್ಕೇ ಮಾದರಿ!"

ವಾಸಕಲ್ಲು ನೋಡಲು ಬಂದರೆ ಇಷ್ಟೊಂದು ಗೌರವವೇ ಅಂತ ಬಸವಲಿಂಗಯ್ಯನವರು ಕೈ ಮುಗಿದರು. "ಎಲ್ಲಾ ಶಿವನಿಚ್ಛೆ. ಎಲ್ಲಿ, ತೋರಿಸಿ."

"ಇಲ್ಲೇ ಸ್ವಾಮಿ. ಮಲಗಿ" ಅಂದ ಸಹಾಯಕ.

"ಮಲಗೋದ್ಯಾಕಪ್ಪ? ನಿಂತೇ ನೋಡ್ತೀನಿ."

"ನಿಂತ್ರೆ ಆಗೋದಿಲ್ಲ ಸ್ವಾಮಿ!"

ನನಗೆ ರೇಗಿತು. "ನಿಂತ್ರೆ ಯಾಕಾಗೋದಿಲ್ಲ? ಈ ಜಾಗದಲ್ಲಿ ಎಲ್ಲಾ ನಿಂತೇ ಆಗೋದು!"

ಆಗ ಬಾಗಿಲಲ್ಲಿ ರಂಗಕ್ಕನ ಕೂಗು. ಗುಡ್ಡವೆಲ್ಲ ಹುಡುಕಿ ಗಂಡ ಸಿಗದೆ ಬಂದವಳು, ಹಲಗೆ ಮೇಲೆ ಪಂಚೆ ಹೊದ್ದು ಮಲಗಿದ್ದನ್ನು ಕಂಡಳು. "ಅಯ್ಯಯ್ಯೋ ನಮ್ಮೆಜಮಾನ್ರೇ! ನಾನು ಹಗ್ಗ ತರೋಷ್ಟ್ರಲ್ಲಿ ನೀವೇ ಬಂದು ಮಲಗ್ಬುಟ್ರಾ! ಯಾಕ್ರೀ ಮಾತಾಡ್ತಿಲ್ಲ?" ಹಿಂದೆ ಊರ ಹೆಂಗಸರೆಲ್ಲ. ಅವಳು ಗಂಡನ ತಲೆ ಅಂದುಕೊಂಡು ಗಜಲಕ್ಷ್ಮಿಯನ್ನು ಮುಟ್ಟಿದಳು. "ಅವ್ವಾ, ಮರಗಟ್ಟೋಗೈತೆ!" ಅಂತ ಕಿರುಚಿ ಪಂಚೆ ಎಳೆದಳು.

ಹೊನ್ನೆ ಮರ ಬೆಳಗಿನ ಬಿಸಿಲಿಗೆ ಜೇನಿನ ಹಾಗೆ ಹೊಳೆಯಿತು. ಅಂಚಿಗೆ ಬಳ್ಳಿ, ನಡುವೆ ಲಕ್ಷ್ಮಿ, ಎರಡು ಕಡೆ ಸೊಂಡಿಲೆತ್ತಿದ ಆನೆಗಳು. ತಡಿಕೆಯಾಚೆ ಒಂದು ಕುರಿ ಕೆಮ್ಮಿತು.

ನಂದೀಶ್ವರಯ್ಯನವರು ಬಗ್ಗಿ ಹಲಗೆಯ ಕೆಳಗೂ ನೋಡಿದರು. ಅಲ್ಲಿ ಬರೀ ತೋಪಡದ ಸಿಪ್ಪೆ. "ಹಾಗಾದ್ರೆ ಇದು... ಬಾಗಿಲು?"

"ವಾಸಕಲ್ಲು ಸಾರ್. ಮತ್ತಿನ್ನೇನಂದ್ಕೊಂಡ್ರಿ?"

ಹೆಂಗಸರ ಗುಂಪಿನಿಂದ ಒಬ್ಬಳು ಕಿಸಕ್ಕಂದಳು, ಅವಳ ಪಕ್ಕದವಳು ಸೆರಗು ಬಾಯಿಗೆ ತುರುಕಿಕೊಂಡಳು. ಊರ ಗಂಡಸರು ಯಾಕೆ ಓಡಿದರು, ಅವ್ವ ಯಾಕೆ ಅತ್ತಳು ಅನ್ನುವುದೆಲ್ಲ ಆಗ ನನ್ನ ತಲೆಗೆ ಹೊಳೆಯಿತು. ತಪ್ಪು ನನ್ನದಲ್ಲ. ಬಾಗಿಲ ಕೆಲಸ ಕಂಡು ಊರು ಬಿಟ್ಟವರದು.

ಬಸವಲಿಂಗಯ್ಯನವರು ವಾಸಕಲ್ಲಿನ ಮೇಲೆ ಕೈಯಾಡಿಸಿದರು. ಅಲುಗಾಡಿಸಿ ನೋಡಿದರು. ಸ್ಟ್ಯಾಂಡು ಅಲುಗಲಿಲ್ಲ. ಎರಡೂ ಕೈ ಕಣ್ಣಿಗೊತ್ತಿಕೊಂಡರು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವರ ಕಣ್ಣು ಕೆಳಗಿಳಿದು ಕೆಂಪು ತ್ರಿಕೋನದ ಮೇಲೆ ನಿಂತಿತು. ಮುಖ ಬೂದಿಯಾಯಿತು.

"ಕ್ಯಾತಣ್ಣಾ, ಇದು ಆ ಕ್ಯಾಂಪಿನ ಸ್ಟ್ಯಾಂಡೇನಯ್ಯಾ?"

"ಹೌದು ಸ್ವಾಮಿ, ಡಾಕ್ಟ್ರೇ ಭೇಷ್ ಅಂದಿರೋದು."

"ಅಲ್ಲಯ್ಯಾ! ವಂಶ ಬೆಳೀಲಿ ಅಂತ ನಿಲ್ಲಿಸೋ ವಾಸಕಲ್ಲನ್ನ, ವಂಶ ನಿಲ್ಲಿಸೋ ಸ್ಟ್ಯಾಂಡಿನ ಮೇಲೆ ಮಲಗಿಸಿದ್ದೀಯಲ್ಲಯ್ಯಾ! ಇದನ್ನ ದಾಟಿ ನನ್ನ ಸೊಸೆ ಒಳಗೆ ಬಂದ್ರೆ ಅವಳ ಮಡಿಲು ತುಂಬುತ್ತಾ?"

"ಸ್ವಾಮಿ, ಮರಕ್ಕೇನು ಗೊತ್ತು..."

"ಬೇಡ. ಮರ ಕೊರಟಗೆರೆಗೆ ಹೋಗ್ಲಿ. ಇದನ್ನ ನಾನು ನೋಡೇ ಇಲ್ಲ." ಅವರು ಹೆಗಲ ವಲ್ಲಿ ಕೊಡವಿ ತಿರುಗಿದರು. ಹಾರ ತೆಗೆಯುವುದನ್ನೂ ಮರೆತಿದ್ದರು.

ಬೆಂಚಿನ ಮೇಲಿಂದ ಇಳಿಯದವನು ಈಗ ಉಳಿಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದೆ. ಮುಂದಿನ ಸೋಮವಾರದಿಂದ ಕೋಲು, ಕಂಬಳಿ, ಗಂಗಣ್ಣನ ಜಗಲಿ ಎಲ್ಲ ಕಣ್ಣ ಮುಂದೆ ಬಂದವು.

"ತಡೀರಿ ಸಾಮಿ!"

ರಂಗಕ್ಕ ಬಗ್ಗಿ ಸ್ಟ್ಯಾಂಡಿನ ಸೊಟ್ಟ ಕಾಲನ್ನು ತಡವುತ್ತಿದ್ದಳು. ಎದ್ದವಳೇ ಬಾಗಿಲಿಗೆ ಅಡ್ಡ ನಿಂತಳು.

"ಈ ಕಾಲು ಯಾಕೆ ಸೊಟ್ಟ ಅಂತ ಗೊತ್ತಾ ನಿಮ್ಗೆ? ಹೋದ ವರ್ಷ ಕೊರಟಗೆರೇಲಿ ನಾನೇ ನಮ್ಮೆಜಮಾನ್ರುನ್ನ ದೇವ್ರಾಣೆ ಹಾಕಿ ಕರ್ಕೊಂಡೋಗಿದ್ದೆ. ಮಲಗ್ಸುದ್ರು. ಡಾಕ್ಟ್ರು ಕೈ ತೊಳ್ಯಾಕೆ ಹೋದ್ರು. ಈ ಸಾಧು ಮನ್ಷ ಇದ್ರ ಕಾಲು ಒದ್ದು ಎದ್ದೋಡಿದ್ದು, ನಾನು ಊರ್ಗೆ ಬರೋಷ್ಟ್ರಲ್ಲಿ ಮನೇಲಿ ಮುದ್ದೆ ಉಣ್ತಾ ಕುಂತಿದ್ದ. ಇದ್ರ ಮ್ಯಾಲೆ ಮಲಗಿ ಎದ್ದೋರ್ಗೆ ವಂಶ ನಿಲ್ತದಾ? ಇಗಾ ನೋಡಿ!" ಕಂಕುಳಿನ ಕೂಸನ್ನು ಎತ್ತಿ ಬಸವಲಿಂಗಯ್ಯನವರ ಮುಖದ ಮುಂದೆ ಹಿಡಿದಳು. "ಇದು ಏಳನೇದು. ಅದಾದ್ಮ್ಯಾಲೆ ಹುಟ್ಟಿದ್ದು!"

ಕೂಸು ದುಂಡಗಿತ್ತು. ಬಸವಲಿಂಗಯ್ಯನವರನ್ನು ನೋಡಿ ಬೊಚ್ಚುಬಾಯಿ ಅಗಲಿಸಿ ನಕ್ಕಿತು, ಹಾರದ ಒಂದು ಚೆಂಡುಹೂವು ಕಿತ್ತು ಬಾಯಿಗಿಟ್ಟುಕೊಂಡಿತು.

ಬಸವಲಿಂಗಯ್ಯನವರು ಕೂಸನ್ನು ನೋಡಿದರು, ಸೊಟ್ಟ ಕಾಲನ್ನು ನೋಡಿದರು, ಮತ್ತೆ ಕೂಸನ್ನು ನೋಡಿದರು. ವ್ಯಾಪಾರದಲ್ಲಿ ಪಳಗಿದ ತಲೆ, ಒಳಗೇ ತೂಗುತ್ತಿತ್ತು.

"ಬರೀ ಮಲಗಿ ಎದ್ದಿದ್ದಕ್ಕೇ?"

"ಬರೀ ಮಲಗಿ ಎದ್ದಿದ್ದಕ್ಕೇ ಸಾಮಿ. ವರ್ಷ ತುಂಬೋಕೆ ಮುಂಚೆ!"

"ಇಲ್ಲಿ ಕೊಡಮ್ಮ" ಅಂತ ಕೂಸನ್ನು ಎತ್ತಿಕೊಂಡು ವಾಸಕಲ್ಲಿನ ಮೇಲೆ, ಸರಿಯಾಗಿ ಲಕ್ಷ್ಮಿಯ ಪಕ್ಕ ಕೂರಿಸಿದರು. ಕೂಸು ಕೂತದ್ದಷ್ಟೇ ಅಲ್ಲ, ಎಂಥ ಶುಭ ಮುಹೂರ್ತವೋ, ಹೊಸ ಪಾಲಿಶಿನ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ಯಿತು.

"ಆಹಾ!" ಅಂದರು ಬಸವಲಿಂಗಯ್ಯ. "ಅಭಿಷೇಕ!" ಹೆಂಗಸರು ಹೋ ಅಂದರು. ಅವರು ಕೊರಳ ಹಾರ ತೆಗೆದು ವಾಸಕಲ್ಲಿಗೆ ಹಾಕಿದರು. "ಕ್ಯಾತಣ್ಣಾ, ಬಾಗಿಲು, ಕಿಟಕಿ, ದೇವರ ಗೂಡು ಎಲ್ಲಾ ನಿಂದೇ. ನನ್ನ ಮಗನ ಮಂಚಾನೂ ಇದೇ ಸ್ಟ್ಯಾಂಡಿನ ಮೇಲೇ ಆಗ್ಬೇಕು. ಆ ಸೊಟ್ಟ ಕಾಲು ಮಾತ್ರ ನೆಟ್ಟಗೆ ಮಾಡ್ಬೇಡ, ಕೈ ಮುಗೀತೀನಿ!"

ನಂದೀಶ್ವರಯ್ಯನವರು ಹಾರ ಹೋದ ಕಡೆ ನೋಡುತ್ತಾ ನಿಂತಿದ್ದರು. ತಾವು ಏನು ಪ್ರಚಾರ ಮಾಡಲು ಬಂದದ್ದು, ಇಲ್ಲಿ ಏನು ಪ್ರಚಾರವಾಯಿತು ಅಂತ ಅವರಿಗೆ ನುಂಗಲಾಗಲಿಲ್ಲ. ಆದರೂ ಒಳ್ಳೆಯ ಮನುಷ್ಯ. ಜೀಪು ಹತ್ತುವಾಗ ಹತ್ತಿರ ಕರೆದು, "ನಮ್ಮ ಕ್ವಾರ್ಟರ್ಸ್ ಬಾಗಿಲು ಸರಿಯಾಗಿ ಹಾಕ್ಕೊಳ್ಳಲ್ಲ ಕಣಯ್ಯ, ಒಂದ್ಸಲ ಬಂದು ನೋಡು. ಆ ಸ್ಟ್ಯಾಂಡು ಮಾತ್ರ ತರಬೇಡ. ನನಗಾಗಲೇ ಇಬ್ಬರಿದ್ದಾರೆ" ಅಂದರು.

ಸ್ಟ್ಯಾಂಡು ಪೆದ್ದಣ್ಣನಿಗೆ ವಾಪಸು ಹೋಗಲಿಲ್ಲ. ಅವನ ಅಂಗಡಿಗೆ ಒಂದು ಗಟ್ಟಿ ಮೇಜು ಮಾಡಿಕೊಟ್ಟು ಉಳಿಸಿಕೊಂಡೆ. ಬಸವಲಿಂಗಯ್ಯನವರ ವಾಸಕಲ್ಲು ನಿಂತಿತು, ಮಂಚ ಹೋಯಿತು. ಆಮೇಲೆ ಅದೇ ಮನೆಗೆ ಒಂದು ತೊಟ್ಟಿಲೂ ನಾನೇ ಮಾಡಿದೆ. ಅದು ಸ್ಟ್ಯಾಂಡಿನ ಮಹಿಮೆಯೋ ಮತ್ತೊಂದೋ ಅದನ್ನು ನಾನು ಹೇಳುವುದಿಲ್ಲ. ಬಡಗಿ ಬರೀ ಮಂಚದ ಗಟ್ಟಿತನಕ್ಕೆ ಜವಾಬ್ದಾರ. ಈಗ ತೋವಿನಕೆರೆ ಕಡೆಯಿಂದಲೂ ಹೊಸದಾಗಿ ಮದುವೆಯಾದವರ ಮಂಚಕ್ಕೆ ಜನ ಬರುತ್ತಾರೆ.

ಊರ ಗಂಡಸರು ಒಬ್ಬೊಬ್ಬರಾಗಿ ವಾಪಸು ಬಂದರು, ದನ ಹುಡುಕಲು ಹೋದವರ ಮುಖ ಮಾಡಿಕೊಂಡು. ಕದಿರಯ್ಯಜ್ಜನನ್ನು ಜೋಳದ ಹೊಲದಿಂದ ಹುಡುಕಿ ತರಬೇಕಾಯಿತು. ಎಲ್ಲರಿಗೂ ವಿಷಯ ತಿಳಿಯಿತು. ತಿಳಿದರೇನು, ತಿಳಿವಳಿಕೆ ತಲೆಯಲ್ಲಿರುತ್ತದೆ, ಭಯ ಬೇರೆ ಕಡೆ ಇರುತ್ತದೆ. ಕೆಂಪು ತ್ರಿಕೋನ ಇರುವ ತನಕ ಒಬ್ಬ ಗಂಡಸೂ ನನ್ನ ವರ್ಕ್‌ಶಾಪಿನ ಹೊಸ್ತಿಲು ದಾಟಿಲ್ಲ. ಒಳಗೆ ಬಂದು ಮರ ಆರಿಸುವವರು, ನಮೂನೆ ಹೇಳುವವರು ಎಲ್ಲ ಹೆಂಗಸರೇ.

ಮೊನ್ನೆ ಗಂಗಣ್ಣ ಬಂದ. ಜಗಲಿಗೆ ಒಂದು ಒರಗುವ ಹಲಗೆ ಬೇಕಂತೆ. ಹೊಸ್ತಿಲ ಆಚೆ ನಿಂತು, ಸ್ಟ್ಯಾಂಡಿನ ಮೇಲಿಂದ ಕಣ್ಣು ತೆಗೆಯದೆ ಅಳತೆ ಹೇಳಿದ. ಅವ್ವ ಒಳಗೆ ಚಾಪೆ ಹಾಸಿ, "ಬಾರಣ್ಣ, ಕೂತ್ಕೊಂಡು ಮಾತಾಡು" ಅಂದಳು.

"ಬ್ಯಾಡ ಬುಡು ಗೌರಕ್ಕ," ಅಂದ ಗಂಗಣ್ಣ, ಪಂಚೆ ಬಿಗಿಯಾಗಿ ಹಿಡಿದುಕೊಂಡು. "ನಿಂತೇ ಇರ್ತೀನಿ."

ಅಮಲ್ದಾರರಿಗೆ ಎದ್ದು ನಿಲ್ಲದ ಗಂಗಣ್ಣ ನಿಂತಿದ್ದ. ನಾನೂ ನಿಂತಿದ್ದೆ. ಉಳಿ ನನ್ನ ಕೈಯಲ್ಲಿತ್ತು.